ಹೆರಾಲ್ಡ್, ಸ್ಪಿಟ್‌ಫೈರ್ ಕಾರುಗಳ ಜಾಯಿಂಟ್ ಸವೆತ: ಕ್ರಾಸ್ ಬಿಚ್ಚುವ ಮೊದಲು ಮೂಲ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ಹಳೆಯ ಕಾರಿನ ಹಿಂಭಾಗದಿಂದ 'ಟಣ್' ಎಂಬ ಸದ್ದು ಬಂದ ಕೂಡಲೇ ಕ್ರಾಸ್ (ತಿರುಗುವ ಶಾಫ್ಟಿನ ಬಾಗುವ ಜಾಯಿಂಟಿನ ನಡುವಿರುವ ನಾಲ್ಕು ತೋಳಿನ ಉಕ್ಕಿನ ತುಂಡು) ಬದಲಿಸುವುದು ನಮ್ಮ ಕಡೆಯ ರೂಢಿ. ದಾವಣಗೆರೆ ಮತ್ತು ಚಿತ್ರದುರ್ಗದ ಮೆಕ್ಯಾನಿಕ್‌ಗಳು ಹೆದ್ದಾರಿ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವರು. ಲಾರಿಯಲ್ಲಿ ಆ ಸದ್ದಿಗೆ ಕ್ರಾಸ್ ಬದಲಿಸುವುದೇ ಬಹುಪಾಲು ಸರಿಯಾದ ಉತ್ತರ. ಆದರೆ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಅಥವಾ ಅದೇ ವಂಶದ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಅದೇ ಸದ್ದಿಗೆ ಏಳೆಂಟು ಮೂಲಗಳಿರುತ್ತವೆ. ತಪ್ಪು ಜಾಗಕ್ಕೆ ಕೈ ಹಾಕಿದರೆ ಕ್ರಾಸಿನ ಹಣ ಹೋಗುವುದು ಸಣ್ಣ ನಷ್ಟ. ಸುತ್ತಿಗೆಯಿಂದ ಬಡಿದು ತೆಗೆಯುವಾಗ ಕ್ರಾಸನ್ನು ಹಿಡಿದಿರುವ ಕವೆಯಾಕಾರದ ಯೋಕಿನ ಕಿವಿ ಬಾಗಿದರೆ ಇನ್ನೊಂದು ಯೋಕಿಗಾಗಿ ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ. ಹಾಗಾಗಿ ಸವೆದ ಜಾಯಿಂಟ್ ಯಾವುದೆಂದು ಖಚಿತವಾಗಿ ತೋರಿಸಲಾಗದಿದ್ದರೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಈ ಬರಹ ಪೂರ್ತಿ ಆ ಖಚಿತತೆಗಾಗಿಯೇ ಇದೆ.

ಈ ಕಾರುಗಳ ಹಿಂಭಾಗ ಯಾಕೆ ಬೇರೆ

ಇಂಗ್ಲೆಂಡಿನಲ್ಲಿ ಹೆರಾಲ್ಡ್ 1959ರಲ್ಲಿ ಬಂದಿತು. ಅದರ ರೂಪ ಇಟಲಿಯ ಜಿಯೊವನ್ನಿ ಮಿಕೆಲೊಟ್ಟಿ ಅವರದು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗತೊಡಗಿತು. 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಎರಡು ಸೀಟಿನ ಸ್ಪಿಟ್‌ಫೈರ್‌ನ ಮೂಲವೂ ಹೆರಾಲ್ಡ್‌ನ ಚಾಸಿಯೇ. ಹೆರಾಲ್ಡ್‌ನ ಮೇಲ್ಛಾವಣಿಯನ್ನು ಬೋಲ್ಟ್ ಹಾಕಿ ಕೂರಿಸಿರುವುದರಿಂದ ನಮ್ಮಲ್ಲಿ ಅನೇಕರು ಅದನ್ನು ತೆಗೆಸಿ ತೆರೆದ ಕಾರು ಮಾಡಿಕೊಂಡಿದ್ದಾರೆ. ಕೆಳಗೆ ಹೇಳುವ ಪರೀಕ್ಷೆಗಳು ಇವೆಲ್ಲಕ್ಕೂ ಅನ್ವಯಿಸುತ್ತವೆ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್‌ಗೆ ಹಿಂದೆ ಗಟ್ಟಿ ಆಕ್ಸಲ್ ಇದೆ. ಅದಕ್ಕೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂಭಾಗಕ್ಕೆ ಬಲ ಒಯ್ಯುವ ಉದ್ದನೆಯ ಶಾಫ್ಟಿನ) ಭಾಗ ಮಾತ್ರ ಹೊಂದುತ್ತದೆ.

ಅಂಬಾಸಿಡರ್‌ನಲ್ಲಿ ಡಿಫರೆನ್ಷಿಯಲ್ (ಎರಡೂ ಹಿಂಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆ) ಆಕ್ಸಲಿನ ಜೊತೆಗೇ ಮೇಲೆ ಕೆಳಗೆ ಕುಣಿಯುತ್ತದೆ. ಹೆರಾಲ್ಡ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೇ ಬಿಗಿದು ಕೂತಿದೆ. ಅದರ ಎರಡೂ ಪಕ್ಕದಿಂದ ಚಕ್ರದತ್ತ ಒಂದೊಂದು ಹಾಫ್ ಶಾಫ್ಟ್ ಹೊರಡುತ್ತದೆ, ಒಂದೊಂದರ ಒಳತುದಿಗೂ ಒಂದು ಯುನಿವರ್ಸಲ್ ಜಾಯಿಂಟ್ (ಕ್ರಾಸ್ ಮತ್ತು ಯೋಕುಗಳು ಸೇರಿದ ಬಾಗುವ ಕೊಂಡಿ) ಇದೆ. ಅಡ್ಡಲಾಗಿ ಹಾಸಿದ ಒಂದೇ ಪಟ್ಟೆ ಸ್ಪ್ರಿಂಗ್ ಎರಡೂ ಚಕ್ರಗಳ ಭಾರ ಹೊರುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡು ಜಾಯಿಂಟ್ ಸೇರಿದರೆ ಒಟ್ಟು ನಾಲ್ಕು.

ಇದರಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದು, ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚು ಬದಲಾಗುವುದೇ ಇಲ್ಲ, ರಸ್ತೆಯ ಪ್ರತಿ ಗುಂಡಿಗೂ ಬಾಗುವುದು ಹಾಫ್ ಶಾಫ್ಟಿನ ಜಾಯಿಂಟ್. ಆದ್ದರಿಂದ ಮೊದಲ ಅನುಮಾನ ಹಾಫ್ ಶಾಫ್ಟಿನ ಮೇಲಿರಲಿ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಇಲ್ಲಿ ಹಾಫ್ ಶಾಫ್ಟ್ ಚಕ್ರವನ್ನು ತಿರುಗಿಸುವುದರ ಜೊತೆಗೆ ಅದು ಹೊರಕ್ಕೆ ಹೋಗದಂತೆ ಹಿಡಿದಿಡುವ ತೋಳೂ ಆಗಿದೆ. ಲಾರಿಯಲ್ಲಿ ಕ್ರಾಸ್ ಮುರಿದರೆ ಗಾಡಿ ನಿಲ್ಲುತ್ತದೆ. ಇಲ್ಲಿ ಹಾಫ್ ಶಾಫ್ಟಿನ ಜಾಯಿಂಟ್ ಮುರಿದರೆ ಚಕ್ರವೇ ಅಂಕೆ ತಪ್ಪುತ್ತದೆ. ಈ ಜಾಯಿಂಟಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ (ಸಡಿಲ) ಇದ್ದರೆ ಆ ಕಾರನ್ನು ಪಕ್ಕದ ಹರಿಹರದವರೆಗೂ ಓಡಿಸಬೇಡಿ.

ಜಾಯಿಂಟ್ ಸವೆಯುವ ಬಗೆ

ಕ್ರಾಸಿಗೆ ನಾಲ್ಕು ತೋಳುಗಳಿರುತ್ತವೆ. ಒಂದೊಂದು ತೋಳಿನ ಮೇಲೂ ಒಂದು ಉಕ್ಕಿನ ಕಪ್, ಕಪ್ಪಿನೊಳಗೆ ಸೂಜಿಯಂಥ ರೋಲರ್‌ಗಳ ಸಾಲು, ಬಾಯಿಗೆ ಸೀಲ್, ಹೊರಗೆ ಜಾರದಂತೆ ಸರ್‌ಕ್ಲಿಪ್. ಗ್ರೀಸ್ ಒಣಗಿದರೆ ರೋಲರ್‌ಗಳು ತುಕ್ಕು ಹಿಡಿದು ಪುಡಿಯಾಗುತ್ತವೆ, ಕೆಂಪು ಹುಡಿ ಸೀಲಿನ ಅಂಚಿನಿಂದ ಹೊರಬೀಳುತ್ತದೆ. ಇನ್ನೊಂದು ಬಗೆಯ ಸವೆತವೂ ಇದೆ. ಜಾಯಿಂಟ್ ಬಹಳ ಕಾಲ ಒಂದೇ ಸಣ್ಣ ಕೋನದಲ್ಲಿ ದುಡಿದರೆ ರೋಲರ್‌ಗಳು ಒಂದೇ ಜಾಗಕ್ಕೆ ಬಡಿದು ತೋಳಿನ ಮೇಲೆ ಸಾಲು ಗೀರುಗಳನ್ನು ಕೊರೆಯುತ್ತವೆ. ಇಂಥ ಜಾಯಿಂಟಿನಲ್ಲಿ ಪ್ಲೇ ಕಾಣಿಸದೆಯೂ ಇರಬಹುದು, ಆದರೆ ಬಾಗಿಸುವಾಗ ನಡುವೆ ಒಂದು ಕಡೆ ಕಚ್ಚಿಕೊಳ್ಳುತ್ತದೆ. ಹೆರಾಲ್ಡ್‌ನ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಕೋನ ಬದಲಾಗದ ಕಾರಣ ಅಲ್ಲಿ ಈ ಬಗೆಯನ್ನೇ ಹೆಚ್ಚಾಗಿ ನಿರೀಕ್ಷಿಸಬೇಕು.

ನಮ್ಮ ಸೀಮೆಯ ಮೂರು ಸಂಗತಿಗಳು ಜಾಯಿಂಟಿನ ಆಯುಷ್ಯ ಕಡಿಮೆ ಮಾಡುತ್ತವೆ. ಎರೆಮಣ್ಣು ಹಸಿಯಿದ್ದಾಗ ಯೋಕಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಸೀಲಿನ ತುಟಿಯನ್ನು ಎಳೆಯುತ್ತದೆ. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರನ್ನು ನೇರವಾಗಿ ಜಾಯಿಂಟಿಗೆ ಹಿಡಿದರೆ ಸೀಲ್ ದಾಟಿ ಒಳಗೆ ನೀರು ಹೋಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿಯ ಹುಲ್ಲು ಇವೆಲ್ಲಕ್ಕಿಂತ ಕೆಟ್ಟದ್ದು. ತಗ್ಗಾದ ಕಾರಿನಲ್ಲಿ ಅದು ಶಾಫ್ಟಿಗೆ ಸುತ್ತಿಕೊಂಡು ಸೀಲುಗಳನ್ನು ಕೊಯ್ಯುತ್ತದೆ, ಸೈಲೆನ್ಸರಿನ ಬಿಸಿ ತಾಗಿದರೆ ಬೆಂಕಿಯೂ ಹತ್ತುತ್ತದೆ. ಒಕ್ಕಣೆಯ ರಸ್ತೆ ಕಂಡರೆ ಸುತ್ತು ಬಳಸಿ ಹೋಗಿ. ಹೋಗಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ ಅಡಿಯಲ್ಲಿ ನೋಡಿ, ಸುತ್ತಿದ ಹುಲ್ಲನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ.

ಮೊದಲ ಹಂತ: ಓಡಿಸಿ ಕೇಳುವುದು

ಮೊದಲು ಕಾರಿನೊಳಗಿನ ಜಾಕ್, ಸ್ಪ್ಯಾನರ್, ನೀರಿನ ಬಾಟಲಿ ಎಲ್ಲವನ್ನೂ ಹೊರಗೆ ತೆಗೆಯಿರಿ. ಚಕ್ರದ ನಟ್‌ಗಳು ಬಿಗಿಯಾಗಿವೆಯೇ ನೋಡಿ. ದಾವಣಗೆರೆಯ ಪಿ.ಬಿ. ರಸ್ತೆಯ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ಬೆಳಗಿನ ಆರು ಗಂಟೆಗೆ ಉದ್ದನೆಯ ಕಾಂಪೌಂಡ್ ಗೋಡೆ ಇರುವ ಖಾಲಿ ರಸ್ತೆ ಹುಡುಕಿ. ಹಳೆಯ ಮಿಲ್ಲು, ಗೋದಾಮುಗಳ ಊರಿನಲ್ಲಿ ಅಂಥ ಗೋಡೆಗೆ ಬರವಿಲ್ಲ. ಗೋಡೆಯ ಪಕ್ಕದ ಕಿಟಕಿ ಇಳಿಸಿ, ಬಿರುನಡಿಗೆಯ ವೇಗದಲ್ಲಿ ಓಡಿಸಿ. ಕಾರಿನಡಿಯ ಸದ್ದು ಗೋಡೆಗೆ ಬಡಿದು ನೇರವಾಗಿ ಕಿವಿಗೆ ಬರುತ್ತದೆ.

ಕೇಳಬೇಕಾದದ್ದು ಸದ್ದಿನ ಲಯವನ್ನು. 13 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಸಾಗುತ್ತದೆ. ಗಂಟೆಗೆ ಆರೂವರೆ ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಒಂದು ಸುತ್ತು. ಹಾಫ್ ಶಾಫ್ಟ್ ಚಕ್ರದಷ್ಟೇ ವೇಗವಾಗಿ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ಲಿನ ಅನುಪಾತಕ್ಕೆ ತಕ್ಕಂತೆ ಅದಕ್ಕಿಂತ ಸುಮಾರು ಮೂರೂವರೆಯಿಂದ ಐದು ಪಟ್ಟು ವೇಗವಾಗಿ ತಿರುಗುತ್ತದೆ. ಅಂದರೆ ಒಣಗಿದ ಜಾಯಿಂಟಿನ 'ಚಿರ್ರ್' ಸದ್ದು ಸೆಕೆಂಡಿಗೆ ಒಂದೋ ಎರಡೋ ಸಲ ಬಂದರೆ ಹಾಫ್ ಶಾಫ್ಟನ್ನು, ಎಣಿಸಲಾಗದಷ್ಟು ಬೇಗ ಬೇಗ ಬಂದರೆ ಪ್ರೊಪೆಲ್ಲರ್ ಶಾಫ್ಟನ್ನು ಅನುಮಾನಿಸಬೇಕು. ಯಾವ ಉಪಕರಣವೂ ಇಲ್ಲದೆ ಅನುಮಾನವನ್ನು ಅರ್ಧಕ್ಕೆ ಇಳಿಸುವ ಪರೀಕ್ಷೆ ಇದು. ದುಃಖದ ಮಾತೆಂದರೆ ಇದನ್ನು ಮಾಡುವವರು ತೀರಾ ಕಡಿಮೆ. ನಂತರ ತಿರುಗಿ ಬಂದು ಇನ್ನೊಂದು ಬದಿಯನ್ನೂ ಗೋಡೆಗೆ ಕೊಟ್ಟು ಕೇಳಿ, ಎಡವೋ ಬಲವೋ ತಿಳಿಯುತ್ತದೆ.

ಮುಂದೆ ಮೂರನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗ. ಆಕ್ಸಿಲರೇಟರ್ ಬಿಡಿ, ಮತ್ತೆ ಒತ್ತಿ. ಬಿಟ್ಟಾಗ ಒಂದು, ಒತ್ತಿದಾಗ ಒಂದು 'ಟಣ್' ಬಂದರೆ ಎಲ್ಲೋ ಪ್ಲೇ ಇದೆ ಎಂದು ಮಾತ್ರ ಅರ್ಥ, ಎಲ್ಲಿ ಎಂದು ಅದು ಹೇಳುವುದಿಲ್ಲ. ಗೇರ್‌ಬಾಕ್ಸಿನಿಂದ ಚಕ್ರದ ಹಬ್‌ವರೆಗಿನ ಎಲ್ಲ ಸಡಿಲವೂ ಸೇರಿ ಆ ಒಂದು ಹೊಡೆತವಾಗುತ್ತದೆ. ಸದ್ದು ಕೇಳಿ ಇಂಥದ್ದೇ ಜಾಯಿಂಟ್ ಎಂದು ಬೆರಳು ತೋರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಡುಕದ ಪರೀಕ್ಷೆಗೆ ಹೆದ್ದಾರಿ ಬೇಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಿಂದೆ ವಾಹನಗಳಿಲ್ಲದಾಗ, ಎಡ ಪಥದಲ್ಲಿ ಗಂಟೆಗೆ 60 ಕಿ.ಮೀ. ತಲುಪಿ. ಈ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಸುಮಾರು 34ರಿಂದ 45 ಸುತ್ತು. ಚಕ್ರದ ದೋಷ ಸೀಟನ್ನು ಅಲುಗಾಡಿಸುತ್ತದೆ, ಶಾಫ್ಟಿನ ದೋಷ ನೆಲಹಾಸಿನಲ್ಲಿ ಜೇನು ಗುಂಯ್‌ಗುಟ್ಟಿದಂತೆ ಕಾಲಿಗೆ ತಾಗುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಉರುಳಲು ಬಿಡಿ. ನಡುಕ ಹಾಗೇ ಉಳಿದು ವೇಗದ ಜೊತೆ ಇಳಿದರೆ ದೋಷ ಗೇರ್‌ಬಾಕ್ಸಿನ ಹಿಂದೆ ತಿರುಗುವ ಭಾಗದಲ್ಲಿದೆ. ತಕ್ಷಣ ನಿಂತರೆ ಎಂಜಿನ್, ಅದರ ಮೌಂಟಿಂಗ್ ರಬ್ಬರ್, ಅಥವಾ ಭಾರ ಬಿದ್ದಾಗ ಮಾತ್ರ ತಾಳ ತಪ್ಪುವ ಜಾಯಿಂಟನ್ನು ನೋಡಬೇಕು.

ಎರಡನೇ ಹಂತ: ಅಡಿಯಲ್ಲಿ ಇಳಿದು ನೋಡುವುದು

ಇದಕ್ಕೆ ಪಿಟ್ ಇರುವ ಗ್ಯಾರೇಜೇ ಉತ್ತಮ. ಕಾರಣವಿದೆ. ಚಾಸಿಗೆ ಜಾಕ್ ಕೊಟ್ಟು ಎತ್ತಿದ ಕೂಡಲೇ ಈ ಕಾರಿನ ಹಿಂಚಕ್ರಗಳು ಕೆಳಗೆ ಜೋತು ಒಳಕ್ಕೆ ಮಡಚಿಕೊಳ್ಳುತ್ತವೆ, ಜಾಯಿಂಟ್ ಓಡುವಾಗ ಎಂದೂ ಇರದ ಕೋನಕ್ಕೆ ಬಾಗುತ್ತದೆ. ಆ ಸ್ಥಿತಿಯಲ್ಲಿ ಕಪ್‌ಗಳ ಮೇಲೆ ಬಿಗಿತ ಬಿದ್ದು ಇರುವ ಪ್ಲೇ ಮರೆಯಾಗಬಹುದು. ಪಿಟ್ಟಿನಲ್ಲಾದರೆ ಚಕ್ರ ನೆಲದ ಮೇಲೇ ಇದ್ದು ಜಾಯಿಂಟ್ ತನ್ನ ಸಹಜ ಕೋನದಲ್ಲಿ ಸಿಗುತ್ತದೆ. ಪಿಟ್ ಸಿಗದಿದ್ದರೆ ಹಿಂಚಕ್ರಗಳನ್ನು ಗಟ್ಟಿ ರ್‍ಯಾಂಪಿನ ಮೇಲೆ ಹತ್ತಿಸಿ. ಬರೀ ಜಾಕಿನ ಮೇಲೆ, ಇಟ್ಟಿಗೆ ಅಥವಾ ಸೈಜುಗಲ್ಲಿನ ಮೇಲೆ ನಿಂತ ಕಾರಿನಡಿಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಮುಂಚಕ್ರಗಳಿಗೆ ಎರಡೂ ಬದಿ ಅಡ್ಡೆ ಕೊಡಿ, ಸೈಲೆನ್ಸರ್ ತಣ್ಣಗಾಗಲಿ.

ಮಣ್ಣನ್ನು ತಂತಿ ಬ್ರಷ್‌ನಿಂದ ತೆಗೆಯುವ ಮೊದಲು ಟಾರ್ಚ್ ಹಿಡಿದು ನಾಲ್ಕೂ ಜಾಯಿಂಟುಗಳ ಸೀಲಿನ ಅಂಚು ನೋಡಿ. ಕೆಂಪು ಹುಡಿ ಕಂಡರೆ ಆ ಜಾಯಿಂಟಿನ ಕಥೆ ಮುಗಿದಿದೆ, ಈಗ ಗ್ರೀಸ್ ತುಂಬಿದರೂ ಸವೆದ ಉಕ್ಕು ಮರಳಿ ಬರುವುದಿಲ್ಲ. ಸರ್‌ಕ್ಲಿಪ್ ಕೂತ ತೋಡಿನ ಸುತ್ತ ಹೊಳೆಯುವ ಲೋಹ ಕಂಡರೆ ಕಪ್ ಯೋಕಿನೊಳಗೆ ತಿರುಗುತ್ತಿದೆ ಎಂದು ಅರ್ಥ. ಅದು ಕ್ರಾಸಿಗಿಂತ ದೊಡ್ಡ ಖರ್ಚಿನ ಸುದ್ದಿ.

ಮೂರನೇ ಹಂತ: ಸೀಮೆಸುಣ್ಣದ ಪರೀಕ್ಷೆ

ಇಡೀ ವಿಧಾನದ ಹೃದಯ ಇದು. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಿಂಚಕ್ರಗಳನ್ನು ಹಿಡಿಯುವುದರಿಂದ ಸರಪಳಿಯ ಒಂದು ತುದಿ ಕಟ್ಟಿಹಾಕಿದಂತಾಯಿತು. ಈಗ ಪ್ರತಿ ಜೋಡಣೆಯ ಮೇಲೂ, ಒಂದು ಭಾಗದಿಂದ ಮುಂದಿನ ಭಾಗಕ್ಕೆ ಹಾಯುವಂತೆ, ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ಯೋಕಿನಿಂದ ಪಿನಿಯನ್ ಫ್ಲೇಂಜಿಗೆ (ಡಿಫರೆನ್ಷಿಯಲ್ಲಿನ ಮುಂಬದಿಯ ಜೋಡಣೆ ತಟ್ಟೆಗೆ) ಒಂದು. ಡಿಫರೆನ್ಷಿಯಲ್ಲಿನ ಪಕ್ಕದ ಫ್ಲೇಂಜಿನಿಂದ ಹಾಫ್ ಶಾಫ್ಟಿನ ಯೋಕಿಗೆ ಎರಡೂ ಬದಿ ಒಂದೊಂದು. ಹಾಫ್ ಶಾಫ್ಟಿನ ಹೊರತುದಿಯಲ್ಲಿ ಹಬ್‌ಗೆ ಒಂದೊಂದು.

ಎರಡೂ ಕೈಯಿಂದ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ಅತ್ತ ಇತ್ತ ತಿರುಗಿಸಿ, ಸಹಾಯಕರೊಬ್ಬರು ಗೆರೆಗಳನ್ನು ನೋಡಲಿ. ಶಾಫ್ಟ್ ಅಲುಗಿ ಪಿನಿಯನ್ ಫ್ಲೇಂಜ್ ಅಲುಗದಿದ್ದರೆ ಹಿಂದಿನ ಕ್ರಾಸ್ ಸವೆದಿದೆ. ಪಿನಿಯನ್ ಫ್ಲೇಂಜೂ ಜೊತೆಗೆ ತಿರುಗಿ ಪಕ್ಕದ ಫ್ಲೇಂಜ್‌ಗಳು ನಿಶ್ಚಲವಾಗಿದ್ದರೆ ಪ್ಲೇ ಕ್ರೌನ್ ಪಿನಿಯನ್ನಿನಲ್ಲಿ (ಡಿಫರೆನ್ಷಿಯಲ್ಲಿನ ಮುಖ್ಯ ಗೇರುಜೋಡಿಯಲ್ಲಿ) ಅಥವಾ ಒಳಗಿನ ಸಣ್ಣ ಗೇರುಗಳ ವಾಷರ್‌ನಲ್ಲಿದೆ. ಪಕ್ಕದ ಫ್ಲೇಂಜ್ ತಿರುಗಿ ಹಾಫ್ ಶಾಫ್ಟ್ ತಿರುಗದಿದ್ದರೆ ಹಾಫ್ ಶಾಫ್ಟಿನ ಕ್ರಾಸ್. ಹಾಫ್ ಶಾಫ್ಟ್ ತಿರುಗಿ ಹಬ್ ತಿರುಗದಿದ್ದರೆ ಹಬ್ ಕೂತಿರುವ ಟೇಪರ್ (ಶಾಫ್ಟಿನ ಕಿರಿದಾಗುತ್ತ ಹೋಗುವ ತುದಿ) ಅಥವಾ ಅದರ ಕೀಲಿ ಸಡಿಲವಾಗಿದೆ. ಇದು ಕ್ರಾಸಿನಂತೆಯೇ 'ಟಣ್' ಎನ್ನುತ್ತದೆ, ಆದ್ದರಿಂದ ಒಳ್ಳೆಯ ಕ್ರಾಸ್ ಬಲಿಯಾಗುವುದು ಹೆಚ್ಚಾಗಿ ಇಲ್ಲೇ. ಸಡಿಲ ಹಬ್ ಇದ್ದ ಕಾರನ್ನೂ ಓಡಿಸಬಾರದು.

ಕಾರನ್ನು ಸುಮಾರು ನಾಲ್ಕು ಇಂಚು ತಳ್ಳಿ ಪ್ರೊಪೆಲ್ಲರ್ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ಕ್ರಾಸಿಗೆ ಎರಡು ಅಕ್ಷಗಳಿವೆ, ಒಂದು ಚೆನ್ನಾಗಿದ್ದು ಇನ್ನೊಂದು ಸವೆದಿರಬಹುದು. ಮುಂದಿನ ಕ್ರಾಸಿಗಾಗಿ ಕಾರನ್ನು ಮೊದಲ ಗೇರಿಗೆ ಹಾಕಿ ಗೇರ್‌ಬಾಕ್ಸಿನ ಫ್ಲೇಂಜ್ ಮತ್ತು ಶಾಫ್ಟಿನ ನಡುವೆ ಗೆರೆ ಎಳೆದು ತಿರುಗಿಸಿ. ಶಾಫ್ಟಿನಲ್ಲಿ ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ ಜೋಡಣೆ) ಇದ್ದರೆ ಅದಕ್ಕೂ ಒಂದು ಗೆರೆ ಬೇಕು. ಎಲ್ಲ ಶಾಫ್ಟುಗಳಲ್ಲೂ ಅದು ಇರುವುದಿಲ್ಲ.

ಗೇರಿನ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇರಲೇಬೇಕು, ಇಲ್ಲದಿದ್ದರೆ ಅವು ಬಿಸಿಯೇರಿ ಕಚ್ಚುತ್ತವೆ. ಆದ್ದರಿಂದ ಪಿನಿಯನ್ ಫ್ಲೇಂಜ್ ತುಸು ಅಲುಗಿದ ಮಾತ್ರಕ್ಕೆ ಗಾಬರಿ ಬೇಡ. ಕ್ರಾಸಿಗೆ ಈ ರಿಯಾಯಿತಿ ಇಲ್ಲ. ಯೋಕಿಗೂ ಕ್ರಾಸಿಗೂ ನಡುವೆ ಕಣ್ಣಿಗೆ ಕಾಣುವ ಯಾವ ಚಲನೆಯೂ ಒಪ್ಪತಕ್ಕದ್ದಲ್ಲ.

ಇದಾದ ಮೇಲೆ ಟೈರ್ ಲಿವರನ್ನು ಯೋಕಿನ ಕಿವಿಗಳ ನಡುವೆ ಇಟ್ಟು ಮೆಲ್ಲಗೆ ಮೀಟಿ, ಕಪ್‌ಗಳು ಉದ್ದಕ್ಕೆ ಸರಿಯುತ್ತವೆಯೇ ನೋಡಿ. ಸೀಲಿಗೆ ಲಿವರ್ ತಾಗದಿರಲಿ.

ನಾಲ್ಕನೇ ಹಂತ: ಚಕ್ರ ಎತ್ತಿ ಅಲುಗಿಸುವುದು

ಈಗ ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಚಕ್ರ ತೇಲಿಸಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿ. ಅಲುಗಾಟ ಬಂದರೆ ಟಾರ್ಚ್ ಹಿಡಿದವರು ಮೂರು ಜಾಗ ನೋಡಬೇಕು: ಒಳಗಿನ ಕ್ರಾಸ್, ಹಬ್‌ನ ಬೇರಿಂಗ್, ಚಕ್ರದ ಬಳಿಯ ಟ್ರನಿಯನ್ (ತಿರುಗು ಕೀಲು) ಬುಷ್. ಹಬ್‌ನ ಸೂಜಿ ಬೇರಿಂಗ್ ಶಾಫ್ಟಿನ ಮೈಮೇಲೇ ಉರುಳುತ್ತದೆ, ಅದು ಸವೆದರೆ ಶಾಫ್ಟಿನಲ್ಲೂ ಗೀರು ಬಿದ್ದಿರುತ್ತದೆ. ಚಕ್ರವನ್ನು ಒಳಕ್ಕೆ ಹೊರಕ್ಕೆ ಎಳೆದಾಗ 'ಟಿಕ್' ಎಂದರೆ ಕ್ರಾಸಿನ ಕಪ್ ಉದ್ದಕ್ಕೆ ಸರಿಯುತ್ತಿದೆ. ಚಕ್ರದ ಎಡಬಲ ಅಂಚು ಹಿಡಿದು ಅಲುಗಿಸಿದಾಗ ಬರುವ ಸಡಿಲ ಹೆಚ್ಚಾಗಿ, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ರೇಡಿಯಸ್ ಆರ್ಮ್‌ನ ಬುಷ್‌ನದು.

ಅಮಾಯಕ ಕ್ರಾಸಿನ ಮೇಲೆ ಅಪವಾದ ಹೊರಿಸುವ ಇನ್ನೆರಡು ಸಂಗತಿಗಳಿವೆ. ಡಿಫರೆನ್ಷಿಯಲ್ಲನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ಸಡಿಲವಾಗಿದ್ದರೆ ಅಥವಾ ರಬ್ಬರ್ ಕೊಳೆತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಇಡೀ ಡಿಫರೆನ್ಷಿಯಲ್ ಮೂತಿ ಎತ್ತಿ ಕುಟ್ಟುತ್ತದೆ. ಪಟ್ಟೆ ಸ್ಪ್ರಿಂಗನ್ನು ಡಿಫರೆನ್ಷಿಯಲ್ಲಿನ ನೆತ್ತಿಗೆ ಬಿಗಿಯುವ ಸ್ಟಡ್‌ಗಳು ಸಡಿಲವಾದರೆ ತಿರುವಿನಲ್ಲಿ ಸದ್ದು ಬರುತ್ತದೆ. ಎರಡಕ್ಕೂ ಬೇಕಾಗುವುದು ಲಿವರ್, ಸ್ಪ್ಯಾನರ್ ಮತ್ತು ಹತ್ತು ನಿಮಿಷ.

ಐದನೇ ಹಂತ: ಬಿಚ್ಚಿ ಮೇಜಿನ ಮೇಲೆ ಖಚಿತಪಡಿಸಿಕೊಳ್ಳುವುದು

ತಪ್ಪಿತಸ್ಥ ಜಾಯಿಂಟ್ ಗೊತ್ತಾದ ಮೇಲೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ಹೆಡ್ 12.7 ಮಿ.ಮೀ. ಇರುತ್ತದೆ. 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಂಡು, ಬಲ ಬಿದ್ದಾಗ ಮೂಲೆ ಸವರಿ ಹೋಗುತ್ತದೆ. ಎರಡೂ ಫ್ಲೇಂಜಿಗೆ ಪೇಂಟಿನ ಗುರುತು ಹಾಕಿ, ಜೋಡಿಸುವಾಗ ಅದೇ ಜಾಗಕ್ಕೆ ಬರಬೇಕು. ಜಾರುವ ಸ್ಪ್ಲೈನ್ ಇದ್ದರೆ ಅದಕ್ಕೂ ಗುರುತು ತಪ್ಪದಿರಲಿ. ಒಂದು ಕ್ರಾಸ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತದೆ. ಇನ್ನೊಂದು ತುದಿಯ ಯೋಕ್ ಸರಿಯಾದ ನೇರದಲ್ಲಿದ್ದರೆ ಮಾತ್ರ ಆ ಏರಿಳಿತ ಅಳಿಯುತ್ತದೆ. ಒಂದು ಹಲ್ಲು ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸಿನ ಮೇಲೂ ನಡುಕ ಹುಟ್ಟುತ್ತದೆ.

ಹಾಫ್ ಶಾಫ್ಟಿನ ಕ್ರಾಸಿಗಾಗಿ ಹಬ್ ಬಿಚ್ಚುವ ಅಗತ್ಯವೇ ಇಲ್ಲ. ಶಾಫ್ಟ್ ಮತ್ತು ಹಬ್ ಒಟ್ಟಿಗೇ ಹೊರಬರುತ್ತವೆ. ಹಬ್‌ನ ಟೇಪರ್ ಬಲು ಹಟಮಾರಿ, ತಕ್ಕ ಪುಲ್ಲರ್ ಇಲ್ಲದೆ ಬಡಿದರೆ ಶಾಫ್ಟಿನ ಥ್ರೆಡ್ ಹಾಳಾಗುತ್ತದೆ.

ಮೇಜಿನ ಮೇಲೆ ಯೋಕನ್ನು ಎರಡೂ ಅಕ್ಷಗಳಲ್ಲಿ ನಿಧಾನವಾಗಿ ಬಾಗಿಸಿ. ಒಳ್ಳೆಯ ಜಾಯಿಂಟ್ ಒಂದೇ ಸಮನಾದ ತೆಳು ಬಿಗಿತದಿಂದ ಚಲಿಸುತ್ತದೆ. ನಡುವೆ ಕಚ್ಚಿಕೊಂಡರೆ, ಮರಳು ತುಳಿದಂತೆ ಕರಕರ ಎಂದರೆ, ತನ್ನ ಭಾರಕ್ಕೇ ಜೋಲಿದರೆ ಬದಲಿಸಿ. ನಡುಕದ ದೂರಿದ್ದರೆ ಶಾಫ್ಟಿನ ಕೊಳವೆ ನೇರವಾಗಿದೆಯೇ ಎಂದೂ ಅಳೆಯಿಸಬೇಕು. ಹರಿಹರ ಮೈಸೂರು ಕಿರ್ಲೋಸ್ಕರ್ ಲೇಥ್‌ಗಳು ತಯಾರಾದ ಊರು. ಡಯಲ್ ಗೇಜ್ ಹಿಡಿಯಬಲ್ಲ ಹಳೆಯ ಟರ್ನರ್‌ಗಳನ್ನು ಅಲ್ಲಿ ವಿಚಾರಿಸಿ. ನಡುಭಾಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಶಾಫ್ಟನ್ನು ನೇರ ಮಾಡಿಸಿ ಬ್ಯಾಲೆನ್ಸಿಂಗ್ ಮಾಡಿಸಬೇಕು.

ಹಳೆಯ ಕಪ್ ತೆಗೆದ ಮೇಲೆ ಹೊಸ ಕಪ್ಪನ್ನು ಯೋಕಿನ ರಂಧ್ರಕ್ಕೆ ಬೆರಳಿನಿಂದ ಒತ್ತಿ ನೋಡಿ. ಅದು ಸಲೀಸಾಗಿ ಒಳಗೆ ಹೋದರೆ ಯೋಕೇ ಸವೆದಿದೆ. ಇಂಥಲ್ಲಿ ರಂಧ್ರದ ಸುತ್ತ ಪಂಚ್ ಹೊಡೆದು ಬಿಗಿ ಮಾಡುವುದು, ಕಪ್ಪಿಗೆ ವೆಲ್ಡಿಂಗ್ ಚುಕ್ಕೆ ಇಡುವುದು ಚಾಲ್ತಿಯಲ್ಲಿದೆ. ಹಾಫ್ ಶಾಫ್ಟಿನಲ್ಲಿ ಇದನ್ನು ಮಾಡಲು ಯಾರಿಗೂ ಬಿಡಬೇಡಿ. ಚಕ್ರ ನಿಂತಿರುವುದೇ ಆ ಕಿವಿಗಳ ಮೇಲೆ.

ಹೊಸ ಕ್ರಾಸ್ ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಪ್ಪಿನ ವ್ಯಾಸ, ಕಪ್ ತುದಿಯಿಂದ ತುದಿಗೆ ಉದ್ದ, ಸರ್‌ಕ್ಲಿಪ್ ಕೂರುವ ರೀತಿ, ಈ ಮೂರನ್ನೂ ವರ್ನಿಯರ್‌ನಿಂದ ಅಳೆದು ಹೊಂದಿಸಿ. ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇಲ್ಲದ ಮುಚ್ಚಿದ ಕ್ರಾಸಿನ ಒಡಲು ತುಸು ಗಟ್ಟಿ, ಗ್ರೀಸ್ ದಾರಿಗಾಗಿ ಅದನ್ನು ಕೊರೆದಿರುವುದಿಲ್ಲ. ಆದರೂ ಎರೆಮಣ್ಣಿನ ಸೀಮೆಯಲ್ಲಿ ನನ್ನ ಆಯ್ಕೆ ನಿಪ್ಪಲ್ ಇರುವುದೇ, ಒಳಗೆ ಹೊಕ್ಕ ಕೊಳೆಯನ್ನು ಹೊಸ ಗ್ರೀಸ್ ಹೊರಗೆ ತಳ್ಳುತ್ತದೆ. ಕೂರಿಸುವಾಗ ಸುತ್ತಿಗೆ ಬೇಡ. ಬೆಂಚ್ ವೈಸ್ ಮತ್ತು ಎರಡು ಸಾಕೆಟ್ ಸಾಕು. ಕಪ್ ಕೊನೆಯ ಎರಡು ಮಿಲಿಮೀಟರಿನಲ್ಲಿ ನಿಂತು ಸರ್‌ಕ್ಲಿಪ್ ಕೂರದಿದ್ದರೆ ಒಳಗೆ ಒಂದು ಸೂಜಿ ಅಡ್ಡ ಬಿದ್ದಿದೆ. ಬಲ ಹಾಕದೆ ಹೊರತೆಗೆದು ಸರಿಮಾಡಿ.

ಫ್ಲೇಂಜಿಗೆ ಹೊಸ ನೈಲಾಕ್ (ಸಡಿಲವಾಗದಂತೆ ನೈಲಾನ್ ಉಂಗುರವಿರುವ) ನಟ್‌ಗಳನ್ನೇ ಹಾಕಿ, ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿಯಿರಿ. ಮೊದಲ 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ. ಗ್ರೀಸ್ ಗನ್ನಿನಲ್ಲಿ NLGI 2 ಎಂದು ಬರೆದಿರುವ (2 ಎಂಬುದು ಗಟ್ಟಿತನದ ಅಳತೆ) ಲಿಥಿಯಂ ಗ್ರೀಸ್ ಇರಲಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ, ನಾಲ್ಕೂ ಕಪ್ಪಿನ ಸೀಲುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಿ. ಒಂದು ಕಪ್ಪಿನಿಂದ ಮಾತ್ರ ಗ್ರೀಸ್ ಬರದಿದ್ದರೆ ಜಾಯಿಂಟನ್ನು ಬೇರೆ ಕೋನಕ್ಕೆ ತಿರುಗಿಸಿ ಮತ್ತೆ ಒತ್ತಿ. ಆಗಲೂ ಬರದಿದ್ದರೆ ದಾರಿ ಕಟ್ಟಿದೆ, ಮೊದಲು ಸವೆಯುವುದು ಅದೇ ಕಪ್.